ಬೋರ್ಡು ಚೆನ್ನಾಗಿದೆ, ಗಲ್ಲಾದ ಮೇಲೆ ಯಾರಿದ್ದಾರೆ?

ಅಂಗಡಿ ಇಟ್ಟವರಿಗೆಲ್ಲ ತಿಳಿದ ಮಾತೊಂದಿದೆ. ಬೋರ್ಡು ಗಿರಾಕಿಯನ್ನು ಒಂದು ಸಲ ಕರೆದೀತು. ಎರಡನೆಯ ಸಲ ಕರೆಯುವುದು ತಕ್ಕಡಿ ಮತ್ತು ಗಲ್ಲಾದ ಮೇಲೆ ಕೂತವನ ಮಾತು. ಬಣ್ಣ ಬಣ್ಣದ ಬೋರ್ಡು ಹಾಕಿ, ಕೇಳಿದ್ದಕ್ಕೆ ಉತ್ತರ ಹೇಳುವವರೇ ಇಲ್ಲದಿದ್ದರೆ ಆ ಅಂಗಡಿ ಎಷ್ಟು ದಿನ ನಡೆದೀತು? ನಮ್ಮ ವಿಶ್ವವಿದ್ಯಾನಿಲಯಗಳು ಸಾಮಾಜಿಕ ಜಾಲತಾಣಗಳಲ್ಲಿ ತೆರೆದಿಟ್ಟಿರುವ ಅಂಗಡಿಗಳನ್ನು ನೋಡಿದಾಗ ಈ ಪ್ರಶ್ನೆಯನ್ನು ಕೇಳದೆ ಇರಲಾಗುವುದಿಲ್ಲ.

ಫೇಸ್‌ಬುಕ್ಕು, ಯೂಟ್ಯೂಬು, ಇನ್‌ಸ್ಟಾಗ್ರಾಮು ಇವುಗಳಲ್ಲಿ ಖಾತೆ ಇಲ್ಲದ ವಿಶ್ವವಿದ್ಯಾನಿಲಯ ಇಂದು ಅಪರೂಪ. 'ಸಮುದಾಯದೊಡನೆ ಬೆರೆಯುವುದಕ್ಕಾಗಿ' ಎಂಬುದು ಅವರು ಕೊಡುವ ಕಾರಣ. ಆದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದೇನು? ದೀಪ ಬೆಳಗುವ ಚಿತ್ರ, ಶಾಲು ಹೊದಿಸುವ ಚಿತ್ರ, ಒಡಂಬಡಿಕೆಗೆ ಸಹಿ ಹಾಕುವ ಚಿತ್ರ, ಕುಲಪತಿಗಳ ಹಬ್ಬದ ಶುಭಾಶಯ. ಚಿತ್ರದ ಕೆಳಗೆ ವಿದ್ಯಾರ್ಥಿಗಳು ಬರೆಯುತ್ತಾರೆ: 'ಸಾರ್, ಫಲಿತಾಂಶ ಯಾವಾಗ?' 'ಮೇಡಂ, ಅಂಕಪಟ್ಟಿ ಇನ್ನೂ ಬಂದಿಲ್ಲ.' 'ಮರುಮೌಲ್ಯಮಾಪನಕ್ಕೆ ಹಣ ಕಟ್ಟಿ ತಿಂಗಳುಗಳಾದವು.' ಇವಕ್ಕೆ ಉತ್ತರ ಬರುವುದಿಲ್ಲ. ಮಾರನೆಯ ದಿನ ಇನ್ನೊಂದು ದೀಪ ಬೆಳಗುತ್ತದೆ. ಕೆಲವು ಕಡೆ ಪ್ರಶ್ನೆ ಬರೆಯುವ ಜಾಗವನ್ನೇ ಮುಚ್ಚಿಬಿಡುತ್ತಾರೆ.

ಗಿರಣಿಯಲ್ಲಿ ಪಾಳಿ ಮಾಡುವವರಿಗೂ ಸಂತೆಯಲ್ಲಿ ಅಂಗಡಿ ಹಾಕುವವರಿಗೂ ಇದರಿಂದ ಆಗಬೇಕಾದದ್ದೇನು ಎಂದು ಯಾರಾದರೂ ಕೇಳಬಹುದು. ಆಗಬೇಕಾದದ್ದು ಬಹಳವಿದೆ. ಇಂದು ಪದವಿ ಕಾಲೇಜುಗಳ ಬೆಂಚಿನ ಮೇಲೆ ಕೂತಿರುವವರು ನಮ್ಮ ಮಕ್ಕಳೇ. ಅನೇಕ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ ಅದು. ಓವರ್‌ಟೈಮಿನ ಕೂಲಿಯಿಂದಲೋ ಕೈಸಾಲದಿಂದಲೋ ಫೀಜು ಕಟ್ಟಿರುತ್ತಾರೆ. ಕೊನೆಯ ದಿನಾಂಕದ ಸುತ್ತೋಲೆ ಇಂಗ್ಲಿಷಿನಲ್ಲಿ, ಅದೂ ಕಾಗದದ ಚಿತ್ರವಾಗಿ, ಯಾವುದೋ ಸಮಾರಂಭದ ಚಿತ್ರಗಳ ನಡುವೆ ಬಂದು ಮರೆಯಾದರೆ ಓದಲು ಬಾರದ ತಂದೆ ಏನು ಮಾಡಬೇಕು? ದಂಡ ಕಟ್ಟಬೇಕು. ಅಂಕಪಟ್ಟಿ ತಡವಾದರೆ ಸಿಗಬೇಕಾದ ನೌಕರಿ ಕೈಬಿಡುತ್ತದೆ. ವಿಚಾರಿಸಿ ಬರೋಣವೆಂದರೆ ಒಂದು ದಿನದ ಕೂಲಿ ಬಿಡಬೇಕು, ಇಲ್ಲವೆ ಅಂಗಡಿಯ ಬಾಗಿಲು ಹಾಕಬೇಕು; ಬಸ್ಸಿನ ಖರ್ಚು ಬೇರೆ. ಜಾಲತಾಣದಲ್ಲಿ ಎರಡು ಸಾಲಿನ ಉತ್ತರ ಬಂದಿದ್ದರೆ ಇಷ್ಟೂ ಉಳಿಯುತ್ತಿತ್ತು.

ಕರ್ನಾಟಕದಲ್ಲಿ ಮೂರು ವರ್ಷದೊಳಗೆ ಪದವಿಯ ಚೌಕಟ್ಟೇ ಎರಡು ಸಲ ಬದಲಾಯಿತು. 2021ರಲ್ಲಿ ಹೊಸ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ವ್ಯವಸ್ಥೆ ಬಂತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಹಿಂತಿರುಗಿತು. ನಡುವೆ ಸಿಕ್ಕಿದ ಹುಡುಗರು ಯಾವ ನಿಯಮದಡಿ ಬರುತ್ತಾರೆ, ಮೂರನೆಯ ವರ್ಷಕ್ಕೆ ನಿಲ್ಲಿಸಿದರೆ ಕೈಗೆ ಏನು ಸಿಗುತ್ತದೆ ಎಂಬುದನ್ನು ಮನೆಯವರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಬೇಕಾದವರು ಯಾರು? ಇಂಥ ವೇಳೆಗೆ ಒದಗದ ಸಮುದಾಯ ಸಂಪರ್ಕ ಮತ್ತೆ ಯಾವ ವೇಳೆಗೆ?

ನಾವು ಹೊಸ ಸಾಧನಗಳ ವಿರೋಧಿಗಳಲ್ಲ. ವಿದ್ಯಾಮಂದಿರವು ಬಜಾರಿಗೆ ಇಳಿಯಬಾರದೆನ್ನುವ ಮಡಿವಂತಿಕೆಯನ್ನೂ ನಾವು ಒಪ್ಪಲಾರೆವು. ಜನ ಎಲ್ಲಿರುತ್ತಾರೋ ಅಲ್ಲಿಗೆ ವಿದ್ಯೆ ಬರಬೇಕು. ಇದು ಕನ್ನಡ ನಾಡಿಗೆ ಹೊಸ ವಿಚಾರವೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಸಣ್ಣ ಯಂತ್ರವಿಟ್ಟುಕೊಂಡು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಸಂಗೀತ, ಭಾಷಣ, ಊರಿಗೆ ಬೇಕಾದ ತಿಳಿವಳಿಕೆ ಎಲ್ಲವೂ ಅಲ್ಲಿಂದ ಹೊರಟವು. ಮೊದಲಿಗೆ ಆ ಪುಟ್ಟ ಕೇಂದ್ರಕ್ಕೆ ಇದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. ಅಂದಿನ ಮಟ್ಟಿಗೆ ಅದಕ್ಕಿಂತ ಹೊಸ ಮಾಧ್ಯಮ ಬೇರೆ ಇರಲಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಕೊಟ್ಟರು. ಅವು ಆಣೆಗಳ ಲೆಕ್ಕದ ಪುಸ್ತಿಕೆಗಳಾಗಿ ಸಾಮಾನ್ಯರ ಕೈ ಸೇರಿದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೂ ವ್ಯಾಸಂಗ ವಿಸ್ತರಣ ಉಪನ್ಯಾಸಮಾಲೆಯೆಂದು ಅದೇ ದಾರಿ ಹಿಡಿಯಿತು. ಆ ಹಿರಿಯರು ಜನರ ಮುಂದೆ ತಂದಿಟ್ಟದ್ದು ತಾವು ಬಲ್ಲ ವಿಷಯವನ್ನು. ತಮ್ಮ ಭಾವಚಿತ್ರವನ್ನು ಹಂಚುವುದಕ್ಕೆ ಅವರು ಹಳ್ಳಿಯ ದಾರಿ ಹಿಡಿದಿರಲಿಲ್ಲ.

ಹತ್ತಿರದ ಉದಾಹರಣೆಯೂ ಇದೆ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯ ಸಮುದಾಯ ಬಾನುಲಿಯನ್ನು ಆರಂಭಿಸಿತು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಸುತ್ತಲಿನ ರೈತರಿಗಾಗಿ ತನ್ನದೇ ಬಾನುಲಿ ತೆರೆಯಿತು. ರೋಗ ಬಿದ್ದ ಬೆಳೆಯ ಮಾತು, ಬಿತ್ತನೆಯ ಮಾತು ರೈತನಾಡುವ ನುಡಿಯಲ್ಲೇ ಬರಬೇಕೆಂಬುದು ಇಂಥ ಬಾನುಲಿಯ ಉದ್ದೇಶ. ರೈತನಿಗೆ ಸಲ್ಲುವ ಈ ಮರ್ಯಾದೆ ಗಿರಣಿಯ ಕಾರ್ಮಿಕನಿಗೂ ಚಿಲ್ಲರೆ ವ್ಯಾಪಾರಿಗೂ ಏಕೆ ಸಲ್ಲಬಾರದು?

2025ರ ಜುಲೈ ತಿಂಗಳನ್ನು ನಮ್ಮ ವ್ಯಾಪಾರಿ ಬಂಧುಗಳು ಮರೆತಿರಲಾರರು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣಪುಟ್ಟ ಅಂಗಡಿಯವರಿಗೆ ನೋಟೀಸು ಕಳಿಸಿತು. ಹಾಲು ತರಕಾರಿ ಮಾರುವವರು ಸಹ ಕಂಗಾಲಾದರು. ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಚೀಟಿಗಳು ಬಿದ್ದವು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ಮಿತಿ ಏನು, ತೆರಿಗೆಯಿಲ್ಲದ ಸರಕು ಯಾವುದು, ನೋಟೀಸಿಗೆ ಹೇಗೆ ಉತ್ತರಿಸಬೇಕು ಎಂಬುದನ್ನು ಹತ್ತು ನಿಮಿಷದಲ್ಲಿ ತಿಳಿಯಹೇಳಬಲ್ಲವರು ವಾಣಿಜ್ಯ ವಿಭಾಗಗಳಲ್ಲಿ ಕೂತಿದ್ದಾರೆ. ಅದೇ ವರ್ಷದ ನವೆಂಬರ್ 21ರಿಂದ ಕೇಂದ್ರ ಸರ್ಕಾರವು 29 ಕಾರ್ಮಿಕ ಕಾಯಿದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳನ್ನು ಜಾರಿಗೆ ತಂದಿತು. ಗ್ರಾಚ್ಯುಟಿ ಏನಾಗುತ್ತದೆ, ಮುಷ್ಕರದ ಹಕ್ಕು ಎಷ್ಟು ಉಳಿಯಿತು, ಗುತ್ತಿಗೆ ಕೆಲಸಗಾರನ ಗತಿ ಏನು ಎಂಬುದು ಪ್ರತಿಯೊಂದು ಗೇಟಿನ ಮುಂದೆಯೂ ಕೇಳಿಬರುವ ಪ್ರಶ್ನೆ. ಕಾನೂನು ಕಾಲೇಜುಗಳು ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ ಯೂಟ್ಯೂಬಿನಲ್ಲಿ ಹಾಕಲಿ. ಸಮುದಾಯದೊಡನೆ ಬೆರೆಯುವುದೆಂದರೆ ಅದು.

ಹಾಗಾದರೆ ಈಗಿನ ರೀತಿ ಬಂದದ್ದು ಎಲ್ಲಿಂದ? ಮೇಲಿನಿಂದ ಇಳಿದ ಆಜ್ಞೆಗಳನ್ನು ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. 2019ರ ಜುಲೈನಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಮಂತ್ರಾಲಯ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪತ್ರ ಬರೆಯಿತು. ಪ್ರತಿ ಸಂಸ್ಥೆಯೂ ಒಬ್ಬ 'ಸೋಷಿಯಲ್ ಮೀಡಿಯಾ ಚಾಂಪಿಯನ್' ಅನ್ನು ನೇಮಿಸಬೇಕು. ವಾರಕ್ಕೊಂದಾದರೂ ಒಳ್ಳೆಯ ಸುದ್ದಿಯನ್ನು ಪ್ರಕಟಿಸಬೇಕು. ವಿದ್ಯಾರ್ಥಿಗಳ ಖಾತೆಗಳನ್ನು ಸಂಸ್ಥೆಯ ಖಾತೆಗೂ ಮಂತ್ರಾಲಯದ ಖಾತೆಗೂ ಜೋಡಿಸಬೇಕು ಎಂದು ಅದರ ಸಾರ. ಗಲಾಟೆಯಾದ ಮೇಲೆ ವಿದ್ಯಾರ್ಥಿಗಳ ಮೇಲೆ ಕಡ್ಡಾಯವಿಲ್ಲವೆಂದು ಹೇಳಿಕೆ ಬಂತು. 2023ರ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಮತ್ತೊಂದು ಪತ್ರ ಬರೆದು ಆವರಣಗಳಲ್ಲಿ 'ಸೆಲ್ಫಿ ಪಾಯಿಂಟ್' ಕಟ್ಟಿಸಿರೆಂದಿತು. ಒಪ್ಪಿಗೆಯಾದ ನಮೂನೆಗಳಲ್ಲಿ ಪ್ರಧಾನಿಯವರ ಚಿತ್ರ. ಬಂದವರು ಅದರೆದುರು ನಿಂತು ಪಟ ತೆಗೆದು ಜಾಲತಾಣಗಳಲ್ಲಿ ಹಂಚುವಂತೆ ಪ್ರೋತ್ಸಾಹಿಸಬೇಕಂತೆ!

ವಾರಕ್ಕೊಂದು ಒಳ್ಳೆಯ ಸುದ್ದಿ ಹಾಕಿರೆಂದವರು ವಾರಕ್ಕೊಂದು ಪ್ರಶ್ನೆಗಾದರೂ ಉತ್ತರ ಬರೆಯಿರೆಂದು ಆ ಪತ್ರದಲ್ಲಿ ಹೇಳಲಿಲ್ಲ. ಈಗಿನ ಕಾಯಿಲೆಯ ಮೂಲ ಇಲ್ಲಿದೆ. ಸರ್ಕಾರಕ್ಕೆ ಬೇಕಾದದ್ದು ಜಾಹೀರಾತು; ವಿಶ್ವವಿದ್ಯಾನಿಲಯ ಅದರ ಫಲಕವಾಗಿ ನಿಲ್ಲಬೇಕು; ವಿದ್ಯಾರ್ಥಿ ಅದನ್ನು ಮೆಚ್ಚಿ ಗುಂಡಿ ಒತ್ತಬೇಕು.

ವಿಪರ್ಯಾಸವೇನೆಂದರೆ, ಉತ್ತರ ಹೇಳಬೇಕಾದ ಕರ್ತವ್ಯ ಕಾನೂನಿನಲ್ಲೇ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಕಲಮು, ಸರ್ಕಾರಿ ಸಂಸ್ಥೆಗಳು ಯಾರೂ ಕೇಳುವ ಮುಂಚೆಯೇ ತಮ್ಮ ಆಯವ್ಯಯ, ನಿಯಮ, ಅಧಿಕಾರಿಗಳ ವಿವರ ಎಲ್ಲವನ್ನೂ ಪ್ರಕಟಿಸಬೇಕೆನ್ನುತ್ತದೆ. ಅದನ್ನು ಹರಡುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಒಪ್ಪುವ ವಿಧಾನವನ್ನೂ ಗಮನಿಸಬೇಕೆನ್ನುತ್ತದೆ. ಧನಸಹಾಯ ಆಯೋಗದ್ದೇ 2023ರ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಅದರ ಮೇಲೆ ವಿಶ್ವವಿದ್ಯಾನಿಲಯಕ್ಕೊಬ್ಬ ಲೋಕಪಾಲರಿರಬೇಕು. 2024ರ ಜೂನಿನಲ್ಲಿ ಇಂಥ ಲೋಕಪಾಲರನ್ನು ನೇಮಿಸದ 157 ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗವೇ ಹೊರಹಾಕಿತು. ದೂರು ಕೇಳುವವರನ್ನು ನೇಮಿಸಲು ಇಷ್ಟು ಉದಾಸೀನ! ಈ ಸಮಿತಿಯ ಹೆಸರು ವಿಳಾಸಗಳನ್ನು ಪುಟದ ನೆತ್ತಿಯ ಮೇಲೆ ಹಾಕಲು ಒಂದು ಕಾಸೂ ಖರ್ಚಾಗುವುದಿಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಈ ಜಾಲತಾಣಗಳು ಸಾರ್ವಜನಿಕರ ಆಸ್ತಿಯಲ್ಲ. ಫೇಸ್‌ಬುಕ್ಕು 2004ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ನಡುವೆ ಹುಟ್ಟಿತು. 2006ರಲ್ಲಿ ಎಲ್ಲರಿಗೂ ತೆರೆಯಿತು. 2014ರಲ್ಲಿ ವಾಟ್ಸಾಪನ್ನು ಕೊಂಡಿತು. ಇಂದು ಅದು ಜಗತ್ತಿನ ಅತಿ ದೊಡ್ಡ ಜಾಹೀರಾತು ವ್ಯಾಪಾರಗಳಲ್ಲೊಂದು. ಯಾರ ಕಣ್ಣಿಗೆ ಯಾವುದು ಬೀಳಬೇಕೆಂಬುದನ್ನು ನಿಶ್ಚಯಿಸುವವರು ಆ ಕಂಪನಿಯವರು. 2021ರ ಅಕ್ಟೋಬರ್ 4ರಂದು ಅವರ ಯಂತ್ರಗಳು ಕೆಟ್ಟು ಫೇಸ್‌ಬುಕ್ಕು, ವಾಟ್ಸಾಪು ಎರಡೂ ಸುಮಾರು ಆರು ಗಂಟೆ ಕಾಲ ಲೋಕದಾದ್ಯಂತ ಸ್ತಬ್ಧವಾದವು. ಪರೀಕ್ಷೆಯ ದಿನಾಂಕವನ್ನು ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಹೇಳುವ ಕಾಲೇಜು ಅಂಥ ದಿನ ಏನು ಮಾಡೀತು? ಮನೆಗೆಲ್ಲ ಒಂದೇ ಫೋನಿದ್ದು ಅದೂ ಅಪ್ಪನ ಜೇಬಿನಲ್ಲಿ ಗಿರಣಿಗೆ ಹೋಗುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆದ್ದರಿಂದ ಜಾಲತಾಣದಲ್ಲಿ ಬಂದದ್ದು ಕಾಲೇಜಿನ ಗೋಡೆಯ ಮೇಲೂ ಬರಲೇಬೇಕು.

ಇದಕ್ಕೆ ಅವರ ಕಡೆಯಿಂದ ಎರಡು ಸಮಾಧಾನಗಳು ಬರಬಹುದು. ಮೊದಲನೆಯದು, ಸಿಬ್ಬಂದಿ ಇಲ್ಲವೆಂಬುದು. ಇದು ನಿಜ, ನಮ್ಮ ತಕರಾರೂ ಅದೇ. ಖಾಯಂ ಹುದ್ದೆಗಳನ್ನು ಖಾಲಿ ಬಿಟ್ಟು ಅತಿಥಿ ಉಪನ್ಯಾಸಕರ ಬೆವರಿನಿಂದ ಕಾಲೇಜು ನಡೆಸುತ್ತಿದ್ದಾರೆ. 2023ರ ಕೊನೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆಯನ್ನು ಖಾಯಂ ಮಾಡಿರೆಂದು ತರಗತಿ ಬಿಟ್ಟು ಬೀದಿಗಿಳಿದದ್ದನ್ನು ನಾಡೇ ಕಂಡಿದೆ. ಅಂಥವರ ತಲೆಗೇ ಈ ಪುಟದ ಬಿಟ್ಟಿ ಚಾಕರಿಯನ್ನೂ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ಉತ್ತರ ಹೇಳುವುದೂ ಒಂದು ಕೆಲಸ. ಅದಕ್ಕೊಬ್ಬರನ್ನು ನೇಮಿಸಿ ಸಂಬಳ ಕೊಡಲಿ. ಎರಡನೆಯದು, ಜನ ಬಾಯಿಗೆ ಬಂದಂತೆ ಬರೆಯುತ್ತಾರೆ ಎಂಬುದು. ಬೈಗಳನ್ನು ಅಳಿಸಿಹಾಕಲಿ, ಬೇಡವೆನ್ನುವವರಾರು? ಆದರೆ ಅಂಕಪಟ್ಟಿ ಕೇಳಿದ ಹುಡುಗಿಯ ಬಾಯಿಯನ್ನೂ ಅದೇ ನೆಪದಿಂದ ಮುಚ್ಚಬಾರದು.

ನಾವು ಕೇಳುವುದು ಆಕಾಶದ ಹಣ್ಣಲ್ಲ. ಪ್ರತಿ ಸುತ್ತೋಲೆಯೂ ಕನ್ನಡದಲ್ಲಿ, ಓದಲು ಬರುವ ಅಕ್ಷರಗಳಲ್ಲಿ ಬರಲಿ. ಪ್ರಶ್ನೆಗೆ ಮೂರು ದಿನದೊಳಗೆ ಉತ್ತರ ಸಿಗಲಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹೆಸರು ಸಿಗಲಿ. ಪರೀಕ್ಷೆ ಮತ್ತು ಮರುಮೌಲ್ಯಮಾಪನದ ಶುಲ್ಕವೆಂದು ವರ್ಷಕ್ಕೆ ಎಷ್ಟು ಬಂತು, ಎಲ್ಲಿ ಖರ್ಚಾಯಿತು, ಎಷ್ಟು ಹುದ್ದೆ ಖಾಲಿ ಇವೆ ಎಂಬ ಲೆಕ್ಕ ಅದೇ ಪುಟದಲ್ಲಿ ಬರಲಿ. ತಿಂಗಳಿಗೊಮ್ಮೆ ದುಡಿಯುವವರಿಗೆ ಉಪಯೋಗವಾಗುವ ಒಂದು ಉಪನ್ಯಾಸ ಬರಲಿ. ಆ ಮೇಲೆ ಬೇಕಾದರೆ ದೀಪ ಬೆಳಗಲಿ, ನಮ್ಮ ಅಡ್ಡಿಯಿಲ್ಲ.

ಕೇಳದೆ ಇದಾವುದೂ ಬರುವುದಿಲ್ಲವೆಂಬುದು ಸಂಘ ಕಟ್ಟಿದ ನಮಗೆ ಚೆನ್ನಾಗಿ ಗೊತ್ತು. ಒಬ್ಬ ಹುಡುಗ ಪುಟದ ಕೆಳಗೆ ಬರೆದರೆ ಅದು ಕಸದಂತೆ ಹಾರಿಹೋಗುತ್ತದೆ. ಅದೇ ಪ್ರಶ್ನೆಯನ್ನು ಒಂದು ತರಗತಿಯ ಮಕ್ಕಳೆಲ್ಲ ಸಹಿ ಹಾಕಿ ಕುಂದುಕೊರತೆ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆದರೆ 15 ದಿನಗಳ ಲೆಕ್ಕ ಆರಂಭವಾಗುತ್ತದೆ. ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಬರೆದರೆ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ತಮ್ಮ ಕಚೇರಿಯಲ್ಲಿ ವಾರಕ್ಕೊಂದು ಸಂಜೆ ಕೂತು ಇಂಥ ಅರ್ಜಿಗಳನ್ನು ಬರೆದುಕೊಡುವ ಏರ್ಪಾಡು ಮಾಡಲಿ. ವಿಶ್ವವಿದ್ಯಾನಿಲಯ ನಡೆಯುವುದು ನಾವು ಕೊಟ್ಟ ತೆರಿಗೆಯಿಂದ, ನಮ್ಮ ಮಕ್ಕಳು ಕಟ್ಟಿದ ಶುಲ್ಕದಿಂದ. ಅದರ ಬಾಗಿಲಲ್ಲಿ ನಾವು ಚಿತ್ರ ನೋಡಿ ಚಪ್ಪಾಳೆ ತಟ್ಟುವ ಪ್ರೇಕ್ಷಕರಲ್ಲ. ಲೆಕ್ಕ ಕೇಳುವ ಹಕ್ಕುಳ್ಳ ಪಾಲುದಾರರು.