ಮೂಕಪ್ರಾಣಿಗೆ ಬಡಿಸುವ ಮುನ್ನ



ಕೆಲವು ದಿನಗಳ ಹಿಂದೆ ತಿರುಪ್ಪೂರಿನಲ್ಲಿ ನಮ್ಮ ನೆಂಟರ ಮನೆಯ ಮದುವೆ. ವರನ ಮೆರವಣಿಗೆಗೆ ಬಿಳಿಯ ಕುದುರೆ ತರಿಸಿದ್ದರು. ಊಟವಾದ ಮೇಲೆ ಏಳೆಂಟು ವರ್ಷದ ಹುಡುಗಿಯೊಬ್ಬಳು ಎಲೆಯ ತುಂಬ ಜಿಲೇಬಿ, ಸಿಹಿ ಅನ್ನ ಹಿಡಿದು ಕುದುರೆಯ ಕಡೆಗೆ ಓಡಿದಳು. ಪುಣ್ಯ ಬರುತ್ತದೆಂದು ಹಿರಿಯರೇ ಕಳಿಸಿದ್ದರು. ನಾನು ಅಡ್ಡ ನಿಂತು ಎಲೆ ಇಸಿದುಕೊಂಡೆ. ಮಗು ಅತ್ತಿತು. ಅದರ ತಾಯಿ, "ಏನು ಮಾವ, ಪ್ರಾಣಿಗೆ ಕೊಡುವುದನ್ನೂ ತಡೆಯುತ್ತೀರಾ?" ಎಂದು ಕೇಳಿದರು. ಆ ಗದ್ದಲದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

1978ನೆಯ ಇಸವಿ. ಕೊಯಮತ್ತೂರಿನಲ್ಲಿ ನಮ್ಮದು ಬೇಳೆಕಾಳಿನ ಅಂಗಡಿ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಗಲ್ಲೆಯ ಮೇಲೆ ಕೂತು ಎರಡು ವರ್ಷವಾಗಿತ್ತು. ಸ್ಟೇಷನ್ನಿನಿಂದ ನೆಂಟರನ್ನು ಕರೆತರಲು ಒಬ್ಬರ ಜಟಕಾ ಖಾಯಂ ಇತ್ತು. ಅಕ್ಕನ ಮದುವೆಯ ದಿನ ಆ ಕುದುರೆ ಬೆಳಗಿನಿಂದ ದುಡಿದಿತ್ತು. ಸಂಜೆ ಮಿಕ್ಕಿದ ಸಿಹಿ ಅನ್ನ, ಬೂಂದಿಯನ್ನು ಒಂದು ಬುಟ್ಟಿ ತುಂಬಿ ನಾನೇ ಅದರ ಮುಂದಿಟ್ಟೆ. ಜಟಕಾದವರು, "ಬೇಡಿ ಮೊದಲಾಳಿ, ಹುಲ್ಲು ಸಾಕು" ಎಂದರು. ಮದುವೆ ಮನೆಯಲ್ಲಿ ಪ್ರಾಣಿಯನ್ನು ಉಪವಾಸ ಕಟ್ಟುವುದೇ ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ.

ರಾತ್ರಿ ಹತ್ತಕ್ಕೆ ಕುದುರೆ ಮುಂಗಾಲಿನಿಂದ ನೆಲ ಕೆರೆಯತೊಡಗಿತು. ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿತ್ತು. ಆಮೇಲೆ ಬೆವರಿ ಹೊರಳಾಡಿತು. ಯಾರೋ ಎಣ್ಣೆ ಕುಡಿಸಲು ಹೇಳಿದರು. ಗೊಟ್ಟದಲ್ಲಿ ಎಳ್ಳೆಣ್ಣೆ ಬಲವಂತವಾಗಿ ಹುಯ್ದೆವು. ಕೆಮ್ಮಿತು, ಮೂಗಿನಿಂದ ಎಣ್ಣೆ ಬಂತು. ಪಶುವೈದ್ಯರಿಗೆ ಹೇಳಿಕಳಿಸಿದ್ದು ನಡುರಾತ್ರಿ ಕಳೆದ ಮೇಲೆ. ಅವರು ಕೂಡಲೇ ಬಂದರು, ಆದರೆ ನಾವು ಕರೆದದ್ದೇ ತಡ. ಬೆಳಗಿನ ಜಾವ ಕುದುರೆ ಹೋಯಿತು.

ವೈದ್ಯರು ಗದರಲಿಲ್ಲ. ನಿಧಾನವಾಗಿ ತಿಳಿಸಿದರು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ದೇಹಕ್ಕೆ ಹೋಲಿಸಿದರೆ ಅದರ ಜಠರ ಚಿಕ್ಕದು. ಹುಲ್ಲನ್ನು ದಿನವಿಡೀ ಸ್ವಲ್ಪಸ್ವಲ್ಪವೇ ಮೇಯುವ ಪ್ರಾಣಿ ಅದು. ಅನ್ನ, ಸಿಹಿ, ಹಿಟ್ಟು ಒಮ್ಮೆಲೇ ಬಿದ್ದರೆ ಕರುಳಿನಲ್ಲಿ ಹುಳಿತು ವಾಯು ತುಂಬುತ್ತದೆ. ಜಠರ ಒಡೆಯಲೂಬಹುದು. ಬದುಕಿದರೂ ಗೊರಸಿನೊಳಗೆ ಊತ ಬಂದು ಜನ್ಮಪೂರ್ತಿ ಕುಂಟಬಹುದು. ಬಲವಂತವಾಗಿ ಹುಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೊಂದೇ ಸಾವಿಗೆ ಸಾಕು.

ಹಸುವಿನ ಕಥೆಯೂ ಬೇರೆಯಲ್ಲ. ಮಾಟ್ಟು ಪೊಂಗಲ್ ದಿನ ಪ್ರೀತಿಯಿಂದ ಬುಟ್ಟಿಗಟ್ಟಲೆ ಪೊಂಗಲ್ ತಿನ್ನಿಸಿ, ಮರುದಿನ ಹೊಟ್ಟೆ ಉಬ್ಬಿದ ಹಸುವನ್ನು ಆಸ್ಪತ್ರೆಗೆ ಹೊಡೆದುಕೊಂಡು ಹೋಗುವುದನ್ನು ಈ ಸೀಮೆಯಲ್ಲಿ ಕಂಡವರೇ ಎಲ್ಲ. ಅನ್ನ ಹೆಚ್ಚಾದರೆ ಮೆಲುಕಿನ ಚೀಲದಲ್ಲಿ ಹುಳಿ ಏರುತ್ತದೆ, ಮೆಲುಕು ನಿಲ್ಲುತ್ತದೆ. ಮಿಕ್ಕಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆದರೆ ಹಸು ಚೀಲವನ್ನೂ ನುಂಗುತ್ತದೆ. ಅದು ಹೊಟ್ಟೆಯಲ್ಲೇ ಉಳಿಯುತ್ತದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಜೀವದಯೆ ಮಾಡುವವರು ಹಸಿ ಹುಲ್ಲು, ಒಣ ಮೇವು, ಶುದ್ಧ ನೀರು ಕೊಡಿ. ಗೋಶಾಲೆಗೆ ಸಿಹಿ ಒಯ್ಯುವ ಬದಲು ಮೇವಿನ ಹಣ ಕಟ್ಟಿ. ಕುದುರೆ ನೆಲ ಕೆರೆದು, ಪಕ್ಕೆ ನೋಡಿ, ಲದ್ದಿ ಹಾಕದೆ ನಿಂತರೆ ಮೇವು ತೆಗೆದುಬಿಡಿ, ಬಾಯಿಗೆ ಏನೂ ಹುಯ್ಯಬೇಡಿ, ತಡಮಾಡದೆ ವೈದ್ಯರನ್ನು ಕರೆಯಿರಿ. ಈಗ ಪಶು ಆಂಬುಲೆನ್ಸಿಗೆ 1962 ಎಂಬ ನಂಬರು ಇದೆ. ಅದನ್ನು ಅಂಗಡಿಯ ಗೋಡೆಯ ಮೇಲೆ ಬರೆದಿಡಿ.

ಇನ್ನು ರೋಗಗಳ ವಿಷಯ. ಆಡಿ ತಿಂಗಳಲ್ಲಿ ಈರೋಡು ಜಿಲ್ಲೆಯ ಅಂದಿಯೂರಿನಲ್ಲಿ ಗುರುನಾಥಸ್ವಾಮಿ ಜಾತ್ರೆ. ಅಲ್ಲಿಗೆ ದೂರದೂರುಗಳಿಂದ ಕುದುರೆಗಳು ಬರುತ್ತವೆ. ತಿರುಪ್ಪೂರು ಜಿಲ್ಲೆಯ ಕಣ್ಣಪುರಂನಲ್ಲಿ ಕಾಂಗೇಯಂ ದನಗಳ ಜಾತ್ರೆ. ಪ್ರಾಣಿಗಳು ಸೇರುವಲ್ಲಿ ರೋಗವೂ ಸೇರುತ್ತದೆ. ಕೊಂಡು ತಂದ ಪ್ರಾಣಿಯನ್ನು ಎರಡು ಮೂರು ವಾರ ಬೇರೆ ಕಟ್ಟಿ, ಬೇರೆ ತೊಟ್ಟಿಯಲ್ಲಿ ನೀರು ಕೊಡಿ. ಹಸುಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ. ಚರ್ಮಗಂಟು ರೋಗ ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿತು. 2022ರಲ್ಲಿ ಅನೇಕ ರಾಜ್ಯಗಳಲ್ಲಿ ಹಸುಗಳನ್ನು ಬಲಿ ತೆಗೆದುಕೊಂಡಿತು. ಅದನ್ನು ಹರಡುವುದು ನೊಣ, ಸೊಳ್ಳೆ, ಉಣ್ಣೆ. ಆದ್ದರಿಂದ ಕೊಟ್ಟಿಗೆಯ ಶುಚಿಯೇ ಮೊದಲ ಮದ್ದು.

ಕುದುರೆಗೆ ಸಣ್ಣ ಮೊಳೆ ಚುಚ್ಚಿದರೂ ಧನುರ್ವಾಯು ಬರಬಹುದು. ಲಸಿಕೆ ಹಾಕಿಸಿದರೆ ಆ ಭಯವಿಲ್ಲ. ಹುಚ್ಚುನಾಯಿ ಕಚ್ಚಿದರೆ ಕುದುರೆ, ಹಸುಗಳಿಗೂ ಆ ರೋಗ ತಗಲುತ್ತದೆ. ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರಿಗೆ ತೋರಿಸಿ. ತೊಳೆಯುವವರು ಕೈಗವಸು ಹಾಕಿಕೊಳ್ಳಲಿ.

ಎಲ್ಲಕ್ಕಿಂತ ಕಠಿಣವಾದದ್ದು ಗ್ಲ್ಯಾಂಡರ್ಸ್. ಜ್ವರ, ಮೂಗಿನಿಂದ ಅಂಟು ಸಿಂಬಳ, ಮೂಗಿನೊಳಗೆ ಹುಣ್ಣು, ಕಾಲಿನ ಮೇಲೆ ಸಾಲುಗಂಟು ಇದರ ಲಕ್ಷಣ. ಇದಕ್ಕೆ ಲಸಿಕೆ ಇಲ್ಲ. ಮನುಷ್ಯರಿಗೂ ತಗಲಿ ಪ್ರಾಣ ತೆಗೆಯಬಲ್ಲದು. ರಕ್ತಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ಕುದುರೆಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರದಲ್ಲಿ ಖಚಿತವಾಗುತ್ತದೆ. ಖಚಿತವಾದರೆ, ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯಿದೆಯಂತೆ ಆ ಕುದುರೆಗೆ ಸೂಜಿಮದ್ದಿನಿಂದ ಮರಣ ಕೊಡುತ್ತಾರೆ.

ಈ ಮಾತು ಬರೆಯಲು ನನ್ನ ಕೈ ತಡೆಯಿತು. ಇರುವೆಯನ್ನೂ ನೋಡಿ ಹೆಜ್ಜೆ ಇಡುವ ನಮಗೆ ಇದು ಒಪ್ಪುವ ಮಾತಲ್ಲ. ಆದರೆ ದಯೆಯಿಂದಲೇ ಒಬ್ಬರು ಅಂಥ ಕುದುರೆಯನ್ನು ಬಚ್ಚಿಟ್ಟರೆ ಪಕ್ಕದ ಹತ್ತು ಕುದುರೆಗಳಿಗೆ, ಅವುಗಳ ಮೈ ಉಜ್ಜುವ ಬಡವನಿಗೆ ರೋಗ ಹರಡುತ್ತದೆ. ಆ ಹಿಂಸೆ ಯಾರ ಲೆಕ್ಕಕ್ಕೆ? ನಮ್ಮ ದಯೆಗೆ ಇಲ್ಲಿ ಸಮಯವಿರುವುದು ರೋಗ ಬರುವ ಮೊದಲು ಮಾತ್ರ. ಮೆರವಣಿಗೆಗೆ ಕುದುರೆ ಗೊತ್ತುಮಾಡುವಾಗ ಬಾಡಿಗೆ ಚೌಕಾಸಿಗೆ ಮುಂಚೆ ಕೇಳಿ: ಗ್ಲ್ಯಾಂಡರ್ಸ್ ಪರೀಕ್ಷೆಯಾಗಿದೆಯೇ, ಧನುರ್ವಾಯು ಲಸಿಕೆಯಾಗಿದೆಯೇ, ನೀರು ನೆರಳು ಯಾರು ನೋಡುತ್ತಾರೆ, ಎಷ್ಟು ಹೊತ್ತು ನಿಲ್ಲಿಸುತ್ತೀರಿ? ಚೀಟಿ ತೋರಿಸುವವರಿಗೆ ನೂರಿನ್ನೂರು ಹೆಚ್ಚೇ ಕೊಡಿ. ಅತಿ ಭಾರ ಹೇರುವುದೂ ಅನ್ನನೀರು ತಡೆಯುವುದೂ ಅಹಿಂಸಾಣುವ್ರತಕ್ಕೆ ಅತಿಚಾರಗಳೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವಷ್ಟೆ.

ಮದುವೆಯ ಮರುದಿನ ತಂದೆಯವರು ಜಟಕಾದವರಿಗೆ ಬೇರೆ ಕುದುರೆಗೆ ಬೇಕಾದ ಹಣ ಎಣಿಸಿಕೊಟ್ಟರು. ನಾನು ಅದನ್ನು ಧರ್ಮದ ಖಾತೆಗೆ ಬರೆಯಲು ಹೋದೆ. ಅವರು ನನ್ನ ಕೈ ಹಿಡಿದು, "ಅಲ್ಲಿ ಬೇಡ. ಸಾಲದ ಖಾತೆಗೆ ಬರೆ" ಎಂದರು. ಹಣ ತೀರಿತು, ಸಾಲ ತೀರಿಲ್ಲ. ಅಂದು ಅತ್ತ ಮಗುವಿನ ತಾಯಿಗೆ ನನ್ನ ಉತ್ತರ ಇದೇ.