ಡೆಲಿವರಿ ತಾರೀಖು ರಸೀದಿಯ ಮೇಲೆ ಬರಲಿ

ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಹೊಸ ಕಾರಿನ ಮಾತು ಏಳುವುದು ತೊಗರಿ ರಾಶಿಯಾದ ಮೇಲೆ, ಇಲ್ಲವೇ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದ ಮೇಲೆ. ಮಗ ವರ್ಷದಿಂದ ಮೊಬೈಲಿನಲ್ಲಿ ತೋರಿಸುತ್ತ ಬಂದ ಗಾಡಿಗೆ ಅಪ್ಪ ಕಲಬುರಗಿಯ ಷೋರೂಮಿಗೆ ಹೋಗಿ ಅಡ್ವಾನ್ಸ್ ಕಟ್ಟುತ್ತಾನೆ. ಯುಗಾದಿಗೆ ಬರುತ್ತದೆಂದ ಗಾಡಿ ದಸರೆಗೂ ಬರುವುದಿಲ್ಲ. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ಮುಂದಿನ ತಿಂಗಳು ಪಕ್ಕಾ ಬರ್ತದ್ರೀ."

ತಡಕ್ಕೆ ನಿಜವಾದ ಕಾರಣಗಳೂ ಇರುತ್ತವೆ. ಕೋವಿಡ್ ಕಾಲದಲ್ಲಿ ಗಾಡಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ಕೊರತೆ ಬಿದ್ದಿತ್ತು. 2021ರ ಮಾರ್ಚ್‌ನಲ್ಲಿ ಚಿಪ್ ತಯಾರಿಸುವ ಜಪಾನಿನ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆಗೆ ಬೆಂಕಿ ಬಿದ್ದು ಕೊರತೆ ಇನ್ನೂ ಹೆಚ್ಚಿತು. ಅದೇ ವರ್ಷ ಅಕ್ಟೋಬರ್ 7ರಂದು ಮಹೀಂದ್ರ ಕಂಪನಿಯ ಎಕ್ಸ್‌ಯುವಿ700ಗೆ 57 ನಿಮಿಷಗಳಲ್ಲಿ 25,000 ಬುಕಿಂಗ್ ಆದವು. 2022ರ ಜುಲೈ 30ರಂದು ಅದೇ ಕಂಪನಿಯ ಸ್ಕಾರ್ಪಿಯೊ-ಎನ್‌ಗೆ ಅರ್ಧ ಗಂಟೆಯಲ್ಲಿ ಒಂದು ಲಕ್ಷ. ಇಷ್ಟು ಗಾಡಿಗಳನ್ನು ಯಾವ ಕಾರ್ಖಾನೆಯೂ ಕೂಡಲೇ ಕೊಡಲಾರದು. ತಡವಾಯಿತೆಂಬುದು ನಮ್ಮ ತಕರಾರಲ್ಲ. ತಡದ ಹೊರೆಯೆಲ್ಲ ಕೊಳ್ಳುವವನ ತಲೆಗೇ ಕಟ್ಟುತ್ತಾರಲ್ಲ, ಅದು ಅನ್ಯಾಯ.

ಬುಕಿಂಗ್ ಫಾರಂ ಓದಿ ನೋಡಿ. ಡೆಲಿವರಿಯ ದಿನ ಯಾವ ಬೆಲೆ ಇರುತ್ತದೋ ಅದನ್ನೇ ಕೊಡಬೇಕೆಂಬ ಷರತ್ತು ಸಣ್ಣಕ್ಷರದ ಇಂಗ್ಲಿಷಿನಲ್ಲಿ ಇರುತ್ತದೆ. ಗಾಡಿ ಯಾವ ದಿನ ಕೊಡುತ್ತೇವೆಂಬ ಮಾತು ಮಾತ್ರ ಇರುವುದಿಲ್ಲ, ಇದ್ದರೂ 'ಅಂದಾಜು'. ಅಷ್ಟರಲ್ಲಿ ಬ್ಯಾಂಕಿನ ಸಾಲ ಮಂಜೂರಾತಿಯ ಅವಧಿ ಮುಗಿದರೆ ಕಾಗದಪತ್ರಕ್ಕೆ ಮತ್ತೆ ಅಲೆದಾಟ. ಬೇಡವೆಂದು ಹಿಂದೆ ಸರಿದರೆ ಅಡ್ವಾನ್ಸಿನಲ್ಲಿ ಕಡಿತ. ಕೇಳಿದರೆ ಡೀಲರು ಕಂಪನಿಯತ್ತ ಕೈ ತೋರಿಸುತ್ತಾನೆ. ದೂರದ ಹಳ್ಳಿಯ ರೈತನಿಗೆ ಕಲಬುರಗಿಗೆ ಹೋಗಿ ಬರುವುದರಲ್ಲೇ ಒಂದು ದಿನ ಹಾಳು.

ಇಂಥದ್ದೇ ಒಂದು ವ್ಯಾಜ್ಯ ಹಿಂದೆ ಹರಿಯಾಣದ ರೈತನೊಬ್ಬನ ಟ್ರ್ಯಾಕ್ಟರಿನ ವಿಷಯದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹಣ ಕಟ್ಟಿಸಿಕೊಂಡು, ಕೊಡುವುದನ್ನು ತಡಮಾಡಿ, ನಡುವೆ ಏರಿದ ಬೆಲೆಯನ್ನು ಕೊಂಡವನಿಂದ ವಸೂಲು ಮಾಡುವುದು ಅನುಚಿತ ವ್ಯಾಪಾರವಾಗುತ್ತದೆಂದು ಕೋರ್ಟು 1994ರಲ್ಲಿ ರೈತನ ಪರ ನಿಂತಿತು. ಟ್ರ್ಯಾಕ್ಟರಿಗೆ ಸಲ್ಲುವ ನ್ಯಾಯ ಕಾರಿಗೂ ಸಲ್ಲಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಂದು ಅನುಕೂಲ ಮಾಡಿಕೊಟ್ಟಿದೆ: ಷೋರೂಮು ಎಲ್ಲಿದ್ದರೂ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಗಾಡಿಯನ್ನು ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಬುಕ್ ಮಾಡಿದ್ದರೂ ಕಲಬುರಗಿಯ ಆಯೋಗವೇ ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಬುಕಿಂಗ್ ಅಡ್ವಾನ್ಸು ಅಷ್ಟಾಗುವುದು ಅಪರೂಪ. ದೂರು ಕೊಡಲು ಎರಡು ವರ್ಷದ ಗಡುವಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

ಆದರೆ ಆಯೋಗದ ಮುಂದೆ ಬಾಯಿಮಾತು ನಿಲ್ಲುವುದು ಕಷ್ಟ, ಕಾಗದ ಬೇಕು. ಅದಕ್ಕೇ ಕಲಬುರಗಿಯ ಡೀಲರುಗಳಿಗೆ ನಮ್ಮ ಒತ್ತಾಯವಿದು: ಡೆಲಿವರಿಯ ತಾರೀಖು, ಬುಕ್ ಮಾಡಿದ ದಿನದ ಬೆಲೆ, ತಡವಾದರೆ ಅಡ್ವಾನ್ಸು ಎಷ್ಟು ದಿನದಲ್ಲಿ ಪೂರ್ತಿ ವಾಪಸು ಎಂಬುದನ್ನು ರಸೀದಿಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಅಲ್ಲಿಯವರೆಗೆ ಅಡ್ವಾನ್ಸ್ ಕಟ್ಟುವವರು ಇವನ್ನು ಪೆನ್ನಿನಲ್ಲಾದರೂ ಬರೆಸಿ, ಸೀಲು ಹಾಕಿಸಿಕೊಂಡ ಮೇಲೆಯೇ ಹಣ ಎಣಿಸಬೇಕು.