ಕಣ್ಣಿದ್ದರೆ ಸಾಲದು, ಗಮನವೂ ಬೇಕು

ಅಪಘಾತವಾಗಿ ಬಂದವರು ವೈದ್ಯರೆದುರು ಹೇಳುವ ಮಾತೊಂದಿದೆ: ‘ನೋಡಿಕೊಂಡೇ ಬರುತ್ತಿದ್ದೆ ಡಾಕ್ಟ್ರೇ, ಆ ಬೈಕು ಕಾಣಿಸಲೇ ಇಲ್ಲ.’ ಇದು ಸುಳ್ಳೂ ಅಲ್ಲದಿರಬಹುದು, ಕಣ್ಣಿನ ದೋಷವೂ ಅಲ್ಲದಿರಬಹುದು. ದೃಷ್ಟಿ 6/6 ಇದ್ದವರಿಗೂ ಹೀಗಾಗುತ್ತದೆ.

ನೋಟ ಪೂರ್ತಿಯಾಗುವುದು ಕಣ್ಣಿನಲ್ಲಲ್ಲ, ಮಿದುಳಿನಲ್ಲಿ. ತಲೆಯ ಹಿಂಭಾಗದ ದೃಷ್ಟಿಕೇಂದ್ರದಲ್ಲಿ ನೆಟ್ಟಗಿನ ಗೆರೆಗೆ ಸ್ಪಂದಿಸುವ ನರಕೋಶಗಳೇ ಬೇರೆ, ಅಡ್ಡಗೆರೆಗೆ, ಓರೆಗೆರೆಗೆ ಸ್ಪಂದಿಸುವವೇ ಬೇರೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮಿದುಳಿನಲ್ಲಿ ಇದನ್ನು ಕಂಡು 1959ರಲ್ಲಿ ಪ್ರಕಟಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ರಸ್ತೆಯ ಅಂಚು, ಗುಂಡಿಯ ಬಾಯಿ, ತಿರುಗಲು ವಾಲಿದ ಬೈಕು, ಇವೆಲ್ಲ ದೃಷ್ಟಿಕೇಂದ್ರಕ್ಕೆ ಮೊದಲು ಇಂಥ ಗೆರೆಗಳೇ.

ಈ ಕೋಶಗಳ ಸ್ಪಂದನ ಗಮನವನ್ನೂ ಅವಲಂಬಿಸಿದೆ. 1999ರಲ್ಲಿ ಪ್ರಕಟವಾದ, ಮಂಗಗಳ ಮೇಲಿನ ಅಧ್ಯಯನವೊಂದರಲ್ಲಿ, ಗಮನವಿಟ್ಟು ನೋಡಿದಾಗ ಅದೇ ಗೆರೆಗೆ ಅದೇ ಕೋಶಗಳು ಹೆಚ್ಚು ಬಲವಾಗಿ ಸ್ಪಂದಿಸಿದವು. ರೇಡಿಯೋದಲ್ಲಿ ಸ್ಟೇಷನ್ ಬದಲಾಗದೆ ವಾಲ್ಯೂಮ್ ಹೆಚ್ಚಿದಂತೆ. ಅದೇ ವರ್ಷ ಪ್ರಕಟವಾದ, ಅಮೆರಿಕದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ವಿಡಿಯೋದಲ್ಲಿ ಆಟಗಾರರು ಚೆಂಡು ದಾಟಿಸುವುದನ್ನು ಎಣಿಸುತ್ತಿದ್ದವರ ಪೈಕಿ ಸುಮಾರು ಅರ್ಧ ಮಂದಿಗೆ, ನಡುವೆ ಹಾದುಹೋದ ಗೊರಿಲ್ಲಾ ವೇಷ ಕಾಣಿಸಲೇ ಇಲ್ಲ!

ಈಗ ನಮ್ಮ ರಸ್ತೆಗಳನ್ನು ನೋಡಿ. ಹೆಲ್ಮೆಟ್ಟಿನೊಳಗೆ ಮೊಬೈಲು ಸಿಕ್ಕಿಸಿಕೊಂಡು, ‘ಎರಡೂ ಕೈ ಹ್ಯಾಂಡಲ್ ಮೇಲೇ ಇವೆಯಲ್ಲ’ ಎನ್ನುವವರು ಎಷ್ಟಿಲ್ಲ? ಕಾರಿನವರಿಗೆ ಬ್ಲೂಟೂತ್ ಇದೆ. ನನ್ನ ಅಭಿಪ್ರಾಯದಲ್ಲಿ ಇದು ಹುಸಿ ಧೈರ್ಯ. ಕೈ ಬಿಡುವಾಗಿದ್ದರೂ ಗಮನ ಬಿಡುವಾಗಿಲ್ಲ. ‘ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಿಲ್ಲವೇ?’ ಎಂದು ನೀವು ಕೇಳಬಹುದು. ಅವರಿಗೂ ರಸ್ತೆ ಕಾಣುತ್ತದೆ. ಲಾರಿ ಅಡ್ಡ ಬಂದರೆ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆಯವರಿಗೆ ಅದು ತಿಳಿಯುವುದಿಲ್ಲ.

ಗಾಡಿ ಓಡಿಸುವವರು ಫೋನ್ ಬಂದರೆ ಪಕ್ಕಕ್ಕೆ ನಿಲ್ಲಿಸಿ ಮಾತಾಡಲಿ. ಆದರೆ ಜವಾಬ್ದಾರಿ ಅವರೊಬ್ಬರದೇ ಅಲ್ಲ. ಎಷ್ಟೋ ಸಲ ಕರೆ ಹೋಗುವುದು ಮನೆಯಿಂದಲೇ: ‘ಎಲ್ಲಿದ್ದೀರಿ? ಊಟಕ್ಕೆ ಬರ್ತೀರಾ?’ ‘ಗಾಡಿಯಲ್ಲಿದ್ದೇನೆ’ ಎಂಬ ಉತ್ತರ ಬಂದ ಕೂಡಲೇ ನೀವೇ ಫೋನ್ ಇಟ್ಟುಬಿಡಿ. ಊಟ ಹತ್ತು ನಿಮಿಷ ತಡವಾದರೂ ಪರವಾಗಿಲ್ಲ, ಅವರು ಕ್ಷೇಮವಾಗಿ ಮನೆ ಸೇರಲಿ.